ಹೊರಡದ ಪತ್ರಗಳ ಜಡ್ಜಮ್ಮ

ಇನ್ನೊಬ್ಬರ ಕೀಲಿಮಣೆಯನ್ನು ಅವರು ಎಂದೂ ಮುಟ್ಟಿದವರಲ್ಲ. ಬೇಸಿಗೆಯಲ್ಲೂ ಬಿಚ್ಚದ ಬೂದು ಕೋಟು ತೊಟ್ಟು, ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಕುರ್ಚಿ ಕೊಟ್ಟರೂ ಕೂರದೆ, ಕಪ್ಪು ಪರದೆಯ ಅಕ್ಷರಗಳನ್ನು ಸಾವಧಾನವಾಗಿ ಓದುತ್ತ ನಿಲ್ಲುವ ಆ ಗಂಭೀರ ಭಂಗಿಯನ್ನು ಕಂಡೇ ಕಾಲೇಜಿನವರು ಕಂಪ್ಯೂಟರ್ ವಿಭಾಗದ ಈ ಮುಖ್ಯಸ್ಥೆಗೆ ‘ಜಡ್ಜಮ್ಮ’ ಎಂದು ಹೆಸರಿಟ್ಟಿದ್ದರು. ಯಾರಾದರೂ ಅವಸರಪಟ್ಟು “ಸರ್ವರ್ ಕೆಟ್ಟಿದೆ” ಎಂದರೆ, “ಇರ್ಲಿ, ಅದೇನು ಹೇಳುತ್ತೋ ಕೇಳೋಣ” ಎನ್ನುವರು. ಪುರಾವೆ ಸಿಗುವ ತನಕ ಯಂತ್ರದ ಮೇಲಾಗಲಿ ಮನುಷ್ಯರ ಮೇಲಾಗಲಿ ತಪ್ಪು ಹೊರಿಸುವುದು ಅವರ ಜಾಯಮಾನದಲ್ಲೇ ಇರಲಿಲ್ಲ.

ಭೂಗೋಳದ ಮೇಷ್ಟ್ರಿಗೆ ಈ ನಿಧಾನ ಕಂಡರೆ ಮೈ ಉರಿಯುತ್ತಿತ್ತು. ಮೌಸಿನ ಹಂಗಿಲ್ಲದೆ ಬರೀ ಅಕ್ಷರಗಳಲ್ಲೇ ನಡೆಯುವ ಹಳೆಯ ಮೇಲ್ ಪ್ರೋಗ್ರಾಂ ಒಂದನ್ನು ಅವರು ಹಟ ಹಿಡಿದು ತಮ್ಮ ಕೊಠಡಿಯಲ್ಲಿ ಉಳಿಸಿಕೊಂಡಿದ್ದರು. ಮನೆಯವರಿಗೆ ಬರೆಯುವುದೆಲ್ಲ ಅದರಲ್ಲೇ. ಅಮ್ಮನ ಕಡೆಗಾಲದ ಆರೈಕೆಯ ವಿಷಯಕ್ಕೆ ತಂಗಿಯೊಡನೆ ಮಾತು ಬಿಟ್ಟಿದ್ದವರು, ಮಗಳ ಮದುವೆಗೆ ಬಾ ಎಂದು ಮನಸ್ಸು ಕರಗಿ ಬರೆದರು. ಉತ್ತರವಿಲ್ಲ. ಮತ್ತೆ ಬರೆದರು, ಖಾರವಾಗಿ. ತಂಗಿಯಿಲ್ಲದೆಯೇ ಮದುವೆ ಮುಗಿಯಿತು. ಕರೆದರೂ ಬಾರದ ದುರಹಂಕಾರಿ ಎಂದು ಮೇಷ್ಟ್ರು ನೆಂಟರಿಷ್ಟರ ಮುಂದೆಲ್ಲ ಸಾರಿದರು. ಆಮೇಲೊಂದು ಮಧ್ಯಾಹ್ನ ಹೊಸ ಅಳಿಯ ಫೋನಿನಲ್ಲಿ, “ಮಾವ, ನಿಮ್ಮ ಒಂದು ಮೇಲೂ ನನಗೆ ಬಂದಿಲ್ವಲ್ಲ” ಎಂದಾಗ ತಂಗಿಗೆ ಬರೆದದ್ದಾದರೂ ತಲುಪಿತ್ತೇ ಎಂಬ ಅನುಮಾನ ಹುಟ್ಟಿ, ಜಡ್ಜಮ್ಮನನ್ನು ಕರೆಸಿದರು.

“ಬರೋ ಮೇಲೆಲ್ಲ ಸರಿಯಾಗಿ ಬರ್ತಿದೆ. ಕಳಿಸಿದ್ದೂ ಹೋಯ್ತು ಅಂತಲೇ ತೋರಿಸ್ತಿದೆ,” ಎಂದರು ಮೇಷ್ಟ್ರು.

“ಈ ಪ್ರೋಗ್ರಾಂ ಪತ್ರಾನ ತನ್ನ ಕೈಯಿಂದ ಆಚೆ ಬಿಟ್ಟಿತು ಅಂತ ಅದರರ್ಥ, ಸರ್. ಅವರ ಕೈ ಸೇರ್ತು ಅಂತಲ್ಲ.”

ಅವರು ಹೇಳುತ್ತ ಹೋದರು, ಮೇಷ್ಟ್ರು ಒತ್ತುತ್ತ ಹೋದರು. ಒಳಬರುವ ದಾರಿಯೇ ಬೇರೆ, ಹೊರಹೋಗುವ ದಾರಿಯೇ ಬೇರೆ. ಹೊರಹೋಗುವ ಸರ್ವರ್ ಬದಲಾಗಿದ್ದರೂ ಮೇಷ್ಟ್ರ ಯಂತ್ರದಲ್ಲಿ ಹಳೆಯ ವಿಳಾಸವೇ ಕೂತಿತ್ತು. ಒಂದು ಪತ್ರವೂ ಆ ಕೊಠಡಿಯ ಹೊಸ್ತಿಲು ದಾಟಿರಲಿಲ್ಲ; ತಲುಪಿಸಲಾಗಲಿಲ್ಲ ಎಂಬ ಯಂತ್ರದ ದೂರುಗಳು ಅವರು ಎಂದೂ ತೆರೆಯದ ಇನ್ನೊಂದು ಪೆಟ್ಟಿಗೆಯಲ್ಲಿ ರಾಶಿ ಬಿದ್ದಿದ್ದವು.

ಮೇಷ್ಟ್ರು ಆ ದೂರುಗಳನ್ನು ಒಂದೊಂದಾಗಿ ತೆರೆದು ನೋಡಿದರು. ಮರುಗಳಿಗೆಯೇ ಆಸೆಯೊಂದು ಚಿಗುರಿತು. “ಇದನ್ನೇ ಪ್ರಿಂಟ್ ತೆಗೆದುಕೊಡಿ ಮೇಡಂ, ತಂಗಿಗೆ ತೋರಿಸ್ತೀನಿ. ನಂದೇನೂ ತಪ್ಪಿಲ್ಲ ಅನ್ನೋದಕ್ಕೆ ಸಾಕ್ಷಿ ಆಯ್ತಲ್ಲ?”

ಜಡ್ಜಮ್ಮ ಪರದೆಯಿಂದ ಕಣ್ಣು ತೆಗೆದು ಮೇಷ್ಟ್ರತ್ತ ತಿರುಗಿದರು. “ಪತ್ರ ಹೋಗಿಲ್ಲ ಅನ್ನೋದಕ್ಕೆ ಇದು ಸಾಕ್ಷಿ, ಸರ್. ಉತ್ತರ ಬರಲಿಲ್ಲ ಅಂತ ನೀವು ಒಂದು ಫೋನೂ ಮಾಡ್ಲಿಲ್ವಲ್ಲ, ಅದನ್ನ ಯಂತ್ರದ ತಲೆಗೆ ಹೇಗೆ ಕಟ್ಟೋದು?”

ಅಷ್ಟು ಹೇಳಿ ಹೊರಗೆ ಹೋಗಿ ಬಾಗಿಲೆಳೆದುಕೊಂಡರು. ಮೇಷ್ಟ್ರು ಫೋನ್ ಎತ್ತಿಕೊಂಡರು. ಆ ಕಡೆಯಿಂದ “ಅಣ್ಣಾ?” ಎಂಬ ದನಿ ಕೇಳಿದ್ದೇ ತಡ, ಕಟ್ಟಿಕೊಂಡಿದ್ದ ಸಮಜಾಯಿಷಿಯೆಲ್ಲ ಮರೆತು, “ತಪ್ಪಾಯ್ತು ಕಣೇ” ಎಂದು ಅತ್ತುಬಿಟ್ಟರು.

ಆಮೇಲೆ ಕಾರಿಡಾರಿನಲ್ಲಿ ಜಡ್ಜಮ್ಮ ಎದುರಾದರೆ ಮೇಷ್ಟ್ರು ತಲೆ ತಗ್ಗಿಸುತ್ತಿದ್ದರೇ ಹೊರತು ಕೃತಜ್ಞತೆಯ ಮಾತಾಡಲಿಲ್ಲ. ನಮ್ಮ ಪರ ವಹಿಸಿ ತಲೆಯಾಡಿಸುವವರು ಬೇಕಾದಷ್ಟು ಮಂದಿ ಸಿಗುತ್ತಾರೆ, ಅವರನ್ನು ಕಂಡರೆ ನಮಗೆ ಪ್ರೀತಿಯೂ ಉಕ್ಕುತ್ತದೆ. ಜಡ್ಜಮ್ಮನಂಥವರನ್ನು ಪ್ರೀತಿಸುವುದು ಕಷ್ಟ. ಆದರೂ ಸಂಬಂಧ ಪೂರ್ತಿ ಕಡಿದುಹೋಗುವ ಮುನ್ನ ಇಂಥವರೊಬ್ಬರು ಬೆನ್ನ ಹಿಂದೆ ಬಂದು ನಿಂತರೆ, ಅದು ಆ ಮನೆಯವರ ಪುಣ್ಯ.