ಸರಕಿಗೆ ಮಾತ್ರ

"ಲೇ ಬೋಳಿಮಗನೇ, ಸರಕಿನ ಲಿಫ್ಟಲ್ಲಿ ಇದೀಯ ಅಂದ್ಮೇಲೆ ನೀನೂ ಸರಕೇ! ಸರಕು ಕೂಗಾಡಲ್ಲ. ಬಾಯ್ಮುಚ್ಕೊಂಡು ಬಿದ್ದಿರು!"

ಧಣಿ ಲಿಫ್ಟಿನ ಕಬ್ಬಿಣದ ಬಾಗಿಲಿಗೆ ಬೂಟುಗಾಲಲ್ಲಿ ಒದ್ದ. ಲಿಫ್ಟು ಎರಡು ಮಹಡಿಗಳ ನಡುವೆ ಕೆಟ್ಟು ನಿಂತಿತ್ತು. ಒಳಗೆ ಒದ್ದೆ ಬೆಡ್‌ಶೀಟಿನ ಮೂಟೆ ಮೇಲೆ ಕೂತಿದ್ದ ಸೀಟಿಗೆ ಕೂಗಾಡುವ ತ್ರಾಣವೇ ಇರಲಿಲ್ಲ. ಕೂಗುತ್ತಿದ್ದುದು ಅವನ ಎದೆ. ಉಸಿರೆಳೆದರೆ ಒಂದು ಶಿಳ್ಳೆ, ಬಿಟ್ಟರೆ ಇನ್ನೊಂದು. ಆ ಉಬ್ಬಸದಿಂದಲೇ ಅವನಿಗೆ ಸೀಟಿ ಎಂಬ ಹೆಸರು ಅಂಟಿಕೊಂಡಿತ್ತು.

ಅವನ ಹೆಂಡತಿ ಇಸ್ತ್ರಿಯಕ್ಕ ಬಾಗಿಲಿಗೆ ಕಿವಿ ಹಚ್ಚಿ ನಿಂತಿದ್ದಳು. ಇನ್ನೊಂದು ಮೂಟೆ ಕಟ್ಟಲು ತಾನು ಕೆಳಗೆ ಉಳಿದದ್ದೇ ತಪ್ಪಾಯಿತು. ಗಂಡ ಎಲ್ಲಾದರೂ ಬಿಟ್ಟು ಬರುತ್ತಾನೆಂದು ಉಬ್ಬಸದ ಪಂಪು ಯಾವಾಗಲೂ ಅವಳ ಸೊಂಟದಲ್ಲೇ ಇರುತ್ತಿತ್ತು. ಈಗಲೂ ಅಲ್ಲೇ ಇತ್ತು, ಅವನು ಮಾತ್ರ ಕಬ್ಬಿಣದ ಆಚೆ. ಮದುವೆಯಾದಂದಿನಿಂದ ಆ ಶಿಳ್ಳೆ ಕೇಳಿ ಅವಳಿಗೆ ತಲೆ ಚಿಟ್ಟು ಹಿಡಿದಿತ್ತು. ಇವತ್ತು ಅದು ಎಲ್ಲಿ ನಿಂತುಹೋಗುತ್ತದೋ ಎಂದು ಜೀವ ಬಾಯಿಗೆ ಬಂದಿತ್ತು.

ಹೋಟೆಲುಗಳ ಬಟ್ಟೆ ಒಗೆಯುವ ಜಾಗ ಅದು. ಒಗೆಯುವುದು ಕೆಳಗೆ, ಒಣಗಿಸಿ ಇಸ್ತ್ರಿ ಹಾಕುವುದು ಮೇಲೆ. ಮೇಲೆ ಹೋಗಲು ಅಮೃತಶಿಲೆಯ ಮೆಟ್ಟಿಲುಗಳೇನೋ ಇದ್ದವು, ಹಾಲಿನಷ್ಟು ಬಿಳುಪು. ಅವು ಧಣಿಗೆ, ಗಿರಾಕಿಗಳಿಗೆ ಮತ್ತು ಧಣಿಯ ಬೆಕ್ಕಿಗೆ. ಒದ್ದೆ ಕಾಲಿನವರು ಹತ್ತಿದರೆ ಮೈಲಿಗೆ ಎಂದು ಧಣಿ ಬಾಯಿಬಿಟ್ಟು ಹೇಳುತ್ತಿರಲಿಲ್ಲ. "ಜಾರತ್ತೆ" ಎನ್ನುತ್ತಿದ್ದ. ಬೆಕ್ಕು ಮಾತ್ರ ಒಂದು ದಿನವೂ ಜಾರಿರಲಿಲ್ಲ. ಹಾಗಾಗಿ ಕೆಲಸದವರೆಲ್ಲ 'ಸರಕಿಗೆ ಮಾತ್ರ' ಎಂದು ಕೆಂಪಕ್ಷರದಲ್ಲಿ ಬರೆದ ಲಿಫ್ಟಿನಲ್ಲೇ ಮೂಟೆಗಳ ಜೊತೆ ಮೂಟೆಯಾಗಿ ಹೋಗಬೇಕಿತ್ತು.

"ಧಣಿ, ಕಾಲಿಗೆ ಬೀಳ್ತೀನಿ, ಯಾರಿಗಾದ್ರೂ ಫೋನ್ ಮಾಡಿ. ಪಂಪಿಲ್ದೆ ಅವರಿಗಾಗಲ್ಲ."

"ಯಾರಿಗೆ ಮಾಡ್ಲಿ, ನಿಮ್ಮಪ್ಪಂಗಾ? ರಿಪೇರಿಯವನು ನಾಳೆ ಬರ್ತಾನೆ. ಹೊರಗಿನೋರು ಬಂದು ಸರಕಿನ ಲಿಫ್ಟಲ್ಲಿ ಜನ ಯಾಕಿದ್ರು ಅಂತ ಕೇಳಿದ್ರೆ ನೀನು ಹೋಗ್ತೀಯಾ ಜೈಲಿಗೆ?"

ಹಾಗೆಂದವನೇ ಧಣಿ ತನ್ನ ಕೋಣೆಗೆ ಹೋಗಿ ಚರ್ಮದ ಕುರ್ಚಿಯಲ್ಲಿ ಕೂತು ಒಂದು ಸುತ್ತು ತಿರುಗಿದ. ಗಾಲಿ ಇದ್ದ ಕುರ್ಚಿ ಅದು. ಹೆತ್ತ ಮಕ್ಕಳನ್ನೂ ಅವನು ಅಷ್ಟು ಮುದ್ದಿನಿಂದ ಸವರಿದವನಲ್ಲ.

"ನನ್ನತ್ರ ಒಂದು ನಂಬರಿದೆ," ಎಂದು ಸೋಪು ಹಾಕುವ ಮುದುಕ ಪಿಸುಗುಟ್ಟಿದ. ಎಲ್ಲರೂ ಅವನನ್ನು ಸೋಪು ಮಾವ ಎನ್ನುತ್ತಿದ್ದರು. "ನಾಯಿ ಮೋರಿಗೆ ಬಿದ್ದಾಗ ವ್ಯಾನಲ್ಲಿ ಬಂದು ಎತ್ತಿದ್ರಲ್ಲ, ಅವರ್ದು. ನಾಯಿ ಎತ್ತಿದೋರು ನಮ್ ಸೀಟೀನ ಎತ್ತಲ್ವಾ?"

ಬೇರೆ ಯಾವ ನಂಬರೂ ಯಾರಿಗೂ ಗೊತ್ತಿರಲಿಲ್ಲ. ಇಸ್ತ್ರಿಯಕ್ಕ ಅದಕ್ಕೇ ಫೋನ್ ಮಾಡಿದಳು. ಆಚೆ ಕಡೆ ಸಕ್ಕರೆಯಂಥ ದನಿಯ ಹೆಂಗಸು.

"ಹೇಳಿ ಅಮ್ಮ, ಯಾರು ಸಿಕ್ಕಿಹಾಕಿಕೊಂಡಿರೋದು?"

"ನಮ್ ಸೀಟಿ."

"ಪಾಪ, ಚೆನ್ನಾಗಿದೆ ಹೆಸರು. ಸಾಕಿದ್ದೋ, ಬೀದೀದೋ?"

ಇಸ್ತ್ರಿಯಕ್ಕ ಒಂದು ಕ್ಷಣ ಯೋಚಿಸಿದಳು. "ಸಾಕಿದ್ದೇ. ನಾನೇ ಸಾಕ್ತಿರೋದು."

"ಕಚ್ಚುತ್ತಾ?"

"ಕಚ್ಚಕ್ಕೆ ಹಲ್ಲೆಲ್ಲಿದೆ? ಶಿಳ್ಳೆ ಹಾಕತ್ತೆ ಅಷ್ಟೆ."

ಆ ಹೆಂಗಸು ಮೆಲ್ಲಗೆ ಕೇಳಿದಳು, "ಅಮ್ಮಾ... ಅದು ಮನುಷ್ಯನಾ?"

ಸೋಪು ಮಾವ ಫೋನಿಗೆ ಬಾಯಿ ಹಚ್ಚಿದ. "ಇಲ್ಲಿ ಜಗಳ ಆಗ್ತಿರೋದೇ ಅದಕ್ಕೆ ತಾಯಿ!"

ಹೆಂಗಸಿನ ದನಿಯಿಂದ ಸಕ್ಕರೆಯೆಲ್ಲ ಇಳಿದುಹೋಯಿತು. "ಮೊದ್ಲು ಬೆಂಕಿ ಆರಿಸೋರಿಗೆ ಫೋನ್ ಮಾಡಿ. ಬೆಂಕಿ ಇರ್ಲೇಬೇಕು ಅಂತಿಲ್ಲ, ಸಿಕ್ಕಿಹಾಕಿಕೊಂಡ ಜನಾನ ಬಿಡಿಸೋದೂ ಅವರ ಕೆಲಸಾನೇ. ಉಬ್ಬಸ ಅಂತ ಹೇಳಿ, ಆಂಬುಲೆನ್ಸೂ ಬರತ್ತೆ. ನಂಬರ್ ಹೇಳ್ತೀನಿ, ಒತ್ಕೊಳಿ."

ಇಸ್ತ್ರಿಯಕ್ಕ ಆ ನಂಬರು ಒತ್ತಿದಳು. ನಾಯಿಗೆ ಯಾರನ್ನು ಕರೆಯಬೇಕೆಂದು ತಮಗೆ ಗೊತ್ತು, ತಮಗೇ ಯಾರನ್ನು ಕರೆಯಬೇಕೆಂದು ಗೊತ್ತಿಲ್ಲ.

ಬೆಂಕಿ ಠಾಣೆಯವನು ತಕ್ಷಣ ಫೋನೆತ್ತಿದ. ಪಕ್ಕದ ಬೀದಿಯೇ. ಅವಳು ನೀಲಿ ಗೇಟಿನ ಗುರುತು ಹೇಳಿ ಮುಗಿಸುವಷ್ಟರಲ್ಲಿ ಹಿಂದಿನಿಂದ ಒಂದು ಕೈ ಫೋನು ಕಿತ್ತುಕೊಂಡಿತು.

"ಸಾರ್, ನಾನು ಓನರ್ರು. ಕುಡ್ಕೊಂಡು ಫೋನ್ ಮಾಡ್ತಾವೆ ಮುಂಡೇವು. ಲಿಫ್ಟಲ್ಲಿರೋದು ಬರೀ ಸರಕು. ಜನ ಯಾರೂ ಇಲ್ಲ."

ಓನರ್ರು ಎಂದರೆ ಯಾರು ನಂಬುವುದಿಲ್ಲ? ಠಾಣೆಯವನೂ ನಂಬಿ ಫೋನಿಟ್ಟ. ಧಣಿ ಫೋನನ್ನು ಜೇಬಿಗೆ ಹಾಕಿಕೊಂಡು ಮುಂದಿನ ಗೇಟಿಗೆ ಬೀಗ ಜಡಿಯಲು ಹೋದ.

ಅಷ್ಟರಲ್ಲಿ ಶಿಳ್ಳೆ ನಿಂತಿತು.

"ರೀ! ಶಿಳ್ಳೆ ಹಾಕ್ರೀ! ನಿಮ್ ದಮ್ಮಯ್ಯ, ಹಾಕ್ರೀ!" ಎಂದು ಇಸ್ತ್ರಿಯಕ್ಕ ಬಾಗಿಲು ಬಡಿದಳು. ತುಂಬಾ ಹೊತ್ತಿನ ಮೇಲೆ ಒಳಗಿನಿಂದ ಸಣ್ಣದೊಂದು ಕುಯ್ ಎಂಬ ಸದ್ದು ಬಂತು. ಅವಳಿಗೆ ಅಳು ಬರಲಿಲ್ಲ, ಪಿತ್ತ ನೆತ್ತಿಗೇರಿತು. ನೇರ ಧಣಿಯ ಕೋಣೆಗೆ ನುಗ್ಗಿ ಕುರ್ಚಿಯ ಬೆನ್ನು ಹಿಡಿದು ತಳ್ಳಿದಳು. ಅದು ಕಿರುಗುಟ್ಟುತ್ತ ಹಿತ್ತಿಲಿಗೆ ಓಡಿತು.

"ಬೆಂಕಿಪೊಟ್ಟಣ ಕೊಡು ಮಾವ. ಅವರು ಧಣಿ ಮಾತು ನಂಬ್ತಾರೆ, ನಮ್ ಮಾತು ನಂಬಲ್ಲ. ಹೊಗೆ ಮಾತಾದ್ರೂ ನಂಬ್ತಾರಾ ನೋಡೋಣ."

ಸೋಪು ಮಾವ ಹಿಂದೆಮುಂದೆ ನೋಡದೆ ಕಡ್ಡಿ ಗೀರಿಯೇ ಕೊಟ್ಟ. ಚರ್ಮ, ಸ್ಪಂಜು, ಧಣಿಯ ಪ್ರತಿಷ್ಠೆ ಎಲ್ಲ ಒಟ್ಟಿಗೆ ಹೊತ್ತಿಕೊಂಡು, ಪಕ್ಕದ ಬೀದಿಯ ಠಾಣೆಗೂ ಕಾಣುವಂತೆ ಕರ್ರನೆಯ ಹೊಗೆ ಎದ್ದಿತು.

ಕೆಂಪು ಗಾಡಿ ಗಂಟೆ ಬಾರಿಸುತ್ತ ಬಂತು, ಬೀಗ ಮುರಿದು ಒಳಗೂ ಬಂತು. "ಎಲ್ಲಿ ಬೆಂಕಿ?" ಎಂದು ಅದರಿಂದಿಳಿದ ಸಾಹೇಬ ಕೇಳಿದ.

"ಅದನ್ನ ಆಮೇಲೆ ಆರಿಸಿ ಸಾರ್, ಇಲ್ಲಿ ಬನ್ನಿ!" ಎಂದು ಇಸ್ತ್ರಿಯಕ್ಕ ಅವನ ತೋಳು ಹಿಡಿದು ಲಿಫ್ಟಿನ ಕಡೆ ಎಳೆದಳು.

ಬಾಗಿಲು ಮೀಟಿ ಸೀಟಿಯನ್ನು ಇಳಿಸಿದಾಗ ಅವನ ತುಟಿ ನೀಲಿಯಾಗಿತ್ತು. ಅವಳು ಪಂಪನ್ನು ಬಾಯಿಗಿಟ್ಟು ಒತ್ತಿದಳು, ಮತ್ತೆ ಒತ್ತಿದಳು. ಕೊನೆಗೂ ಎದೆಯೊಳಗಿಂದ ಶಿಳ್ಳೆ ಎದ್ದಿತು. ಅಷ್ಟು ಇಂಪಾದ ಸಂಗೀತವನ್ನು ಅವಳು ಜನ್ಮದಲ್ಲಿ ಕೇಳಿರಲಿಲ್ಲ.

"ಆ ಮೂಟೇಲಿ... ಯಾರದೋ ಚಡ್ಡಿ ಇದೆ ಕಣೇ," ಎಂದ ಸೀಟಿ. "ಮೂಗಿಗೇ... ಬಂದಿತ್ತು."

ಸಾಹೇಬ ಕರೆಸಿದ ಆಂಬುಲೆನ್ಸಿನವರು ಅವನಿಗೆ ಆಮ್ಲಜನಕ ಹಚ್ಚಿದರು. ಹಿತ್ತಿಲಲ್ಲಿ ಪೈಪಿನ ನೀರು ಹರಿದು, ಎಲ್ಲರ ಪಾದಕ್ಕೂ ಮಸಿ ಮೆತ್ತಿತು. ಧಣಿ ಕುರ್ಚಿಯ ಅಸ್ಥಿಪಂಜರದ ಮುಂದೆ ಕುಣಿಯುತ್ತಿದ್ದ.

"ಯಾವ ಹಲ್ಕಟ್ ಮುಂಡೆ ಸುಟ್ಟಿದ್ದು ಇದನ್ನ?"

"ಬರೀ ಸರಕು ಧಣಿ," ಎಂದ ಸೋಪು ಮಾವ, ಕೈಕಟ್ಟಿಕೊಂಡು, ಬಹಳ ವಿನಯದಿಂದ. "ಜನ ಯಾರಿಗೂ ಏನೂ ಆಗಿಲ್ಲ."

ಸಾಹೇಬ ಲಿಫ್ಟಿಗೆ ಮೊಹರು ಹಾಕಿ, ಸರಿಯಾದ ಮೇಲೂ ಇದರಲ್ಲಿ ಜನ ಹತ್ತುವಂತಿಲ್ಲ ಎಂದು ಧಣಿಗೆ ಗದರಿದ. ಗಂಡನ ಜೊತೆ ಆಸ್ಪತ್ರೆಗೆ ಹೊರಡಬೇಕು, ಅವನ ಒಣ ಅಂಗಿ ಮೇಲಿದೆ. ಇಸ್ತ್ರಿಯಕ್ಕ ಸೆರಗು ಬಿಗಿದು ಮಸಿ ಹತ್ತಿದ ಒದ್ದೆ ಕಾಲನ್ನು ಬಿಳಿ ಮೆಟ್ಟಿಲ ಮೇಲಿಟ್ಟಳು. ಒಂದು ಹೆಜ್ಜೆ ಚೆನ್ನಾಗಿ ಮೂಡಿತು. ಅವಳ ಹಿಂದೆ ಮಾವ, ಮಾವನ ಹಿಂದೆ ಉಳಿದವರೆಲ್ಲ ಹತ್ತಿದರು. ಬೆಕ್ಕು ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು.

"ಏಯ್! ಇಳೀರೋ! ಜಾರತ್ತೆ!"

ಇಸ್ತ್ರಿಯಕ್ಕ ಅರ್ಧದಲ್ಲಿ ನಿಂತು ತಿರುಗಿ ನೋಡಿದಳು.

"ಇನ್ಮೇಲೆ ಜನ ಮೆಟ್ಟಿಲ ಮೇಲೆ, ಸರಕು ಲಿಫ್ಟಲ್ಲಿ. ನೀವು ಯಾವುದ್ರಲ್ಲಿ ಬರ್ತೀರಿ ಧಣಿ?"