ಮೇಕೆ ಬರದ ದಿನ

ಸಂತೋಷ ನಮ್ಮ ಕ್ರಿಯಾಶಕ್ತಿಯನ್ನು ಹೆಚ್ಚಿಸುತ್ತದೆ, ದುಃಖ ಕುಗ್ಗಿಸುತ್ತದೆ ಎಂದು ಭಾರತೀನಗರದ ಹುಡುಗರಿಗೆ ನಿವೃತ್ತಿಯಾಗುವವರೆಗೂ ತತ್ವಶಾಸ್ತ್ರ ಪಾಠ ಹೇಳಿದವನು ನಾನು. ಕೋಪವನ್ನೂ ದುಃಖದ ಗುಂಪಿಗೇ ಸೇರಿಸಿ, ಅದೂ ಮನುಷ್ಯನನ್ನು ಕುಗ್ಗಿಸುತ್ತದೆ ಎಂದು ನೋಟ್ಸ್ ಬರೆಸುತ್ತಿದ್ದೆ. ದೊಡ್ಡ ಪಂಡಿತ!

ಹೆಂಡತಿ ನಾಗಶ್ರೀ ತೀರಿಕೊಂಡ ಮೇಲೆ ಆ ಪಾಠ ನನ್ನ ಅನುಭವಕ್ಕೇ ಬಂತು. ಜಗುಲಿಯ ಕುರ್ಚಿಯಲ್ಲಿ ಕೂತರೆ ಏಳಲು ಆಗುತ್ತಿರಲಿಲ್ಲ. ಕಾಯಿಲೆ ಕಸಾಲೆ ಏನೂ ಇಲ್ಲ. ಕಾಫಿ ಮಾಡಿಕೊಳ್ಳೋಣ ಅನ್ನಿಸುತ್ತಿತ್ತು, ಯಾರಿಗೋಸ್ಕರ ಅಂತಲೂ ಅನ್ನಿಸುತ್ತಿತ್ತು, ಅಷ್ಟರಲ್ಲಿ ಬಿಸಿಲು ಏರಿರುತ್ತಿತ್ತು. ಗೇಟು ದಾಟುವುದನ್ನೇ ಬಿಟ್ಟಿದ್ದೆ. ದಿನಸಿಯನ್ನು ಅಂಗಡಿಯವನೇ ತಂದಿಟ್ಟು ಹೋಗುತ್ತಿದ್ದ.

ನನ್ನನ್ನು ಎಬ್ಬಿಸುತ್ತಿದ್ದುದು ಪಕ್ಕದ ಮನೆ ಬೆಳ್ಳಮ್ಮನ ಮೇಕೆಯೊಂದೇ. ದರಿದ್ರದ್ದು, ದಿನಾ ಬೇಲಿ ನುಸುಳಿ ಬಂದು ನಾಗಶ್ರೀ ನೆಟ್ಟ ದಾಸವಾಳಕ್ಕೇ ಬಾಯಿ ಹಾಕುತ್ತಿತ್ತು. ಮೈಯೆಲ್ಲ ಉರಿದು ಕೋಲು ಹಿಡಿದು ಅಂಗಳಕ್ಕೆ ಹಾರುತ್ತಿದ್ದೆ.

"ಬೆಳ್ಳಮ್ಮಾ, ಇದರ ಕಾಲು ಮುರೀತೀನಿ ನೋಡು!"

"ಮುರೀರಿ ಮೇಷ್ಟ್ರೇ, ನಿಮ್ ಕೈಲಾದ್ರೆ!" ಎಂದು ಅವಳು ಬೇಲಿಯಾಚೆಯಿಂದ ಕೂಗುತ್ತಿದ್ದಳು.

ಹೇಗೂ ಎದ್ದಾಯಿತಲ್ಲ ಎಂದು ಗಿಡಕ್ಕೆ ನೀರು ಹಾಕಿ, ಕಾಫಿ ಕಾಸಿ, ಸ್ನಾನವನ್ನೂ ಮುಗಿಸುತ್ತಿದ್ದೆ.

ಮೊನ್ನೆ ಮೇಕೆ ಬರಲಿಲ್ಲ. ನಿನ್ನೆಯೂ ಇಲ್ಲ. ಇವತ್ತು ಸಂಜೆಯಾದರೂ ನಾನು ಕುರ್ಚಿಯಲ್ಲೇ ಇದ್ದೆ, ಒಲೆ ಹಚ್ಚಿರಲಿಲ್ಲ. ಹೀಗೇ ಕೂತಲ್ಲೇ ಸತ್ತುಹೋಗುತ್ತೇನೆ ಅಂತ ನಿಜವಾಗಿ ಭಯವಾಯಿತು. ಗೋಡೆ ಹಿಡಿದು ಎದ್ದೆ. ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಗೇಟು ತೆಗೆದೆ.

ಬೆಳ್ಳಮ್ಮ ಹಿತ್ತಲಲ್ಲಿ ಮೇಕೆಗೆ ಕಬ್ಬಿನ ಸೋಗೆ ಹಾಕುತ್ತಿದ್ದಳು. ಅದರ ಕೊರಳಲ್ಲಿ ಹೊಸ ಹಗ್ಗವಿತ್ತು.

"ಕಟ್ಟಾಕಿವ್ನಿ ಕಣ್ ಮೇಷ್ಟ್ರೇ," ಎಂದಳು ತಲೆ ಎತ್ತದೆ. "ಎಂಡ್ರುನ್ ಕಳ್ಕೊಂಡೋರು, ದಿನಾ ನಿಮ್ ಒಟ್ಟೆ ಉರುಸ್ಬಾರ್ದು ಅಂತ. ಇನ್ನು ಬರಾಕಿಲ್ಲ ಬುಡಿ."

ನಾನು ಮೇಕೆಯ ಹತ್ತಿರ ಹೋಗಿ ನಿಂತೆ.

"ಬಿಚ್ಚಿಬಿಡಮ್ಮ," ಎಂದೆ. "ನನ್ನನ್ನ ಎಬ್ಬಿಸೋರು ಬೇರೆ ಯಾರೂ ಇಲ್ಲ."

ಈಗ ಅವಳು ನನ್ನ ಮುಖ ನೋಡಿದಳು. ಗೂಟದಿಂದ ಹಗ್ಗ ಬಿಚ್ಚಿ ನನ್ನ ಕೈಗೇ ಕೊಟ್ಟಳು.

"ಇಡ್ಕೊಂಡ್ ಓಗಿ. ನನ್ ಮೇಕೆ ಯಾಕ್ ಕಟ್ಕೊಂಡ್ರಿ ಅಂತ ಬೆಳಿಗ್ಗೆ ಜಗ್ಳಕ್ ಬತ್ತೀನಿ," ಎಂದಳು. "ಎದ್ದಿರಿ ಮತ್ತೆ."