ಕುತ್ತಿಗೆ ಯಾರದು?

ನಲ್ಲಿಯಲ್ಲಿ ಕೆಸರು ನೀರು ಬಂದರೆ ಜನ ಎಲ್ಲಿ ಹೇಳಿಕೊಳ್ಳುತ್ತಾರೆ? ಕಟಿಂಗ್ ಶಾಪಿನಲ್ಲಿ. ಆ ಬೀದಿಯ ಕಟಿಂಗ್ ಶಾಪಿನ ಯಜಮಾನನ ಅಡ್ಡಹೆಸರೇ ಮಾತಿನಮಲ್ಲ. ಕತ್ತರಿ ನಿಂತರೂ ಬಾಯಿ ನಿಲ್ಲದ ಆಸಾಮಿ.

ಅಲ್ಲಿನ ಮಾತು ವಾರ್ಡ್ ಅಧಿಕಾರಿಯ ಕಿವಿಗೆ ಬಿತ್ತು. ಅವರು ಬಂದು, "ಇಲ್ಲಿ ಸರ್ಕಾರದ ವಿಷಯ ಮಾತಾಡಬಾರದು" ಎಂಬ ಬೋರ್ಡನ್ನು ಕನ್ನಡಿಯ ಪಕ್ಕ ತೂಗುಹಾಕಿಸಿದರು. ತೆಗೆದರೆ ಲೈಸೆನ್ಸ್ ರದ್ದು ಎಂದರು. ಮಾತಿನಮಲ್ಲನಿಗೆ ಊಟ ಸೇರದಾಯಿತು.

ವಕೀಲೆಯಾಗಿದ್ದ ಅವನ ಅಕ್ಕ ಬೋರ್ಡ್ ನೋಡಿ ಉರಿದುಬಿದ್ದಳು.

"ಏನೋ ಇದು?"

"ಸುಮ್ನಿರಕ್ಕ. ಮಾತಾಡೋ ಹಕ್ಕು ಕೊಟ್ಟೋರೂ ಸರ್ಕಾರದೋರೇ, ಕಿತ್ಕೊಂಡೋರೂ ಅವರೇ."

"ಅವರು ಕೊಟ್ರಾ? ಹುಟ್ಟಿದ ದಿನ ಬೀದಿಗೆಲ್ಲ ಕೇಳೋ ಹಾಗೆ ಕಿರುಚಿದೆಯಲ್ಲ, ಯಾವ ಆಫೀಸಿನ ಅಪ್ಪಣೆ ತಗೊಂಡಿದ್ದೆ?"

"ಹಾಗಾದ್ರೆ ಸರ್ಕಾರ ಯಾಕಿದೆ?"

"ನಿನ್ನ ಕುರ್ಚೀಲಿ ಕೂತೋರು ಕುತ್ತಿಗೆ ಚಾಚಿ ಕೊಡ್ತಾರೆ. ಕುತ್ತಿಗೆ ನಿಂದಾಯ್ತಾ?"

"ಛೆ! ಶೇವ್ ಮಾಡ್ತೀನಿ ಅಂತ ನಂಬಿ ಕೊಡ್ತಾರೆ. ಗಾಯ ಮಾಡಿದ್ರೆ ಎದ್ದು ಬೇರೆ ಅಂಗಡಿಗೆ ಹೋಗ್ತಾರೆ."

"ಸರ್ಕಾರಾನೂ ಅಷ್ಟೇ ಕಣೋ. ಜೀವ, ಮಾತು, ದುಡಿದು ಬದುಕೋದು, ಎಲ್ಲಾ ಮೊದಲೇ ನಮ್ಮವು. ಕಾಪಾಡಲಿ ಅಂತ ನಂಬಿ ಅವರಿಗೆ ಅಧಿಕಾರ ಕೊಟ್ಟಿದ್ದೀವಿ. ಕುತ್ತಿಗೆಯನ್ನೇ ಹಿಸುಕಿದ್ರೆ ಕೇಳ್ಬೇಕು. ಕೇಳದಿದ್ರೆ ಓಟು ಹಾಕಿ ಬದಲಾಯಿಸ್ಬೇಕು."

"ಲೈಸೆನ್ಸ್ ಹೋದ್ರೆ?"

"ಕೋರ್ಟಲ್ಲಿ ನಾನಿದ್ದೀನಿ. ಆದ್ರೆ ಬಾಯಿ ಬಿಡಬೇಕಾದೋನು ನೀನು."

ಮರುದಿನ ಅಧಿಕಾರಿಯೇ ಶೇವಿಂಗ್‌ಗೆ ಬಂದರು. ಕುರ್ಚಿಗೊರಗಿ ಕುತ್ತಿಗೆ ಚಾಚಿದರು. ಮಾತಿನಮಲ್ಲ ರೇಜರ್ ಹಿಡಿದ. ಒಂದು ಗೀರೂ ಆಗದಂತೆ ಶೇವ್ ಮಾಡಿ, ಮುಖ ಒರೆಸಿ, ರೇಜರ್ ಪಕ್ಕಕ್ಕಿಟ್ಟ. ಆಮೇಲೆ ಬೋರ್ಡ್ ಇಳಿಸಿ ಅವರ ತೊಡೆಯ ಮೇಲಿಟ್ಟ.

"ಏನಿದು!" ಅಧಿಕಾರಿ ಗುಡುಗಿದರು.

"ಸಾಹೇಬ್ರೇ, ಇಷ್ಟು ಹೊತ್ತು ನಿಮ್ಮ ಕುತ್ತಿಗೆ ನನ್ನ ಕೈಲಿತ್ತು. ಅದು ನಂದು ಅಂತ ನಾನು ಅಂದ್ಕೊಳ್ಳಲಿಲ್ಲ. ನಮ್ಮ ಬಾಯಿ ನಿಮ್ದು ಅಂತ ನೀವ್ಯಾಕೆ ಅಂದ್ಕೊಂಡ್ರಿ?"

"ಲೈಸೆನ್ಸ್..."

"ನೋಟಿಸ್ ಕಳಿಸಿ. ಉತ್ತರ ಕೊಡ್ತೀವಿ."

ಬೆಂಚಿನ ಮೇಲಿದ್ದವರೆಲ್ಲ ಎದ್ದು ಮಾತಿನಮಲ್ಲನ ಬೆನ್ನಿಗೆ ನಿಂತರು. "ನಲ್ಲಿ ನೀರು ಯಾವಾಗ ಸರಿಹೋಗುತ್ತೆ ಸಾರ್?" ಎಂದು ಒಬ್ಬ ಕೇಳಿಯೇಬಿಟ್ಟ. ಅಧಿಕಾರಿ ಬೋರ್ಡನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹೊರನಡೆದರು. ಅಂಗಡಿ ಮತ್ತೆ ಗಲಗಲ ಎಂದಿತು.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಇಂಥ ಬೋರ್ಡ್ ನಿಮ್ಮ ಬೀದಿಯಲ್ಲೂ ಇರಬಹುದು. ಹಕ್ಕು ಯಾರೋ ಹಾಕಿದ ಭಿಕ್ಷೆಯಲ್ಲ. ಅದನ್ನು ಕಾಯಲೆಂದೇ ಸರ್ಕಾರವನ್ನು ಕೂರಿಸಿದ್ದೇವೆ. ಪಿಸುಗುಟ್ಟಬೇಡಿ. ಒಟ್ಟಾಗಿ ನಿಂತು, ಗಟ್ಟಿಯಾಗಿ ಕೇಳಿ.